ಗರುಡ ಇಳಿದ ಊರಿಗೆ ವರಾಹ ಮರಳಿತು

ಚಂದ್ರಂಪಳ್ಳಿ ಜಲಾಶಯ, ಚಿಂಚೋಳಿಯ ಕಾಡು ನೋಡಿಕೊಂಡು ಸೇಡಂ ಕಡೆಗೆ ಬರುವವರು ಮಳಖೇಡದಲ್ಲಿ ಒಂದು ಗಳಿಗೆ ನಿಲ್ಲಬೇಕು. ಕಾಗಿಣಾ ನದಿಯ ದಂಡೆ, ಹಳೆಯ ಕೋಟೆ, ನೇಮಿನಾಥ ಬಸದಿ, ಜಯತೀರ್ಥರ ವೃಂದಾವನ ಎಲ್ಲವೂ ಅಲ್ಲಿವೆ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಆದರೆ ಆ ಮನೆತನದ ಗುರುತು ಹುಡುಕಬೇಕಾದರೆ ಇಲ್ಲಿಂದ ಬಹುದೂರ, ಗುಜರಾತಿನ ಸಂಜಾನ್, ಬರೋಡಾ, ಕೊಲ್ಹಾಪುರ ಸೀಮೆಯ ನೇಸರಿಯವರೆಗೆ ಹೋಗಬೇಕು. ಅರಸ ಬರೆಸಿಕೊಟ್ಟ ದಾನಪತ್ರ ದಾನ ಪಡೆದವರ ಮನೆಯಲ್ಲಿ ಉಳಿಯುತ್ತಿತ್ತು. ಪತ್ರದ ಜೊತೆಗೆ ಮುದ್ರೆಯೂ ಅಲ್ಲೇ ಉಳಿಯಿತು.

ಬಳೆಯ ತುದಿಯಲ್ಲೊಂದು ಹಕ್ಕಿ

ಆ ದಾನಪತ್ರ ಕೊರೆದ ತಾಮ್ರಪಟ ಅಂದರೆ ಸಾಮಾನ್ಯವಾಗಿ ಮೂರು ತಗಡು. ಅಕ್ಷರ ಸವೆಯಬಾರದೆಂದು ಮೊದಲ ಮತ್ತು ಕೊನೆಯ ತಗಡಿನ ಒಳಮೈಗೆ ಮಾತ್ರ ಬರಹ, ನಡುವಿನದಕ್ಕೆ ಎರಡೂ ಬದಿ. ಮೂರಕ್ಕೂ ತೂತು ಕೊರೆದು ತಾಮ್ರದ ಬಳೆ ಪೋಣಿಸಿ, ಬಳೆಯ ಎರಡು ತುದಿಗಳನ್ನು ಮುದ್ರೆಯ ತಳದಲ್ಲಿ ಬೆಸೆಯುತ್ತಿದ್ದರು. ಬಳೆ ಕತ್ತರಿಸದೆ ತಗಡು ಬದಲಿಸಲು ಬಾರದು. ಕತ್ತರಿಸಿದರೆ ಮೋಸ ಕಣ್ಣಿಗೆ ಬೀಳುತ್ತದೆ. ಆ ಮುದ್ರೆಯ ಮೇಲೆ ಗರುಡ ಎದುರುಮುಖವಾಗಿ ಕೂತಿರುತ್ತಾನೆ. ರೆಕ್ಕೆ ಬಿಚ್ಚಿವೆ, ಕೈಗಳಲ್ಲಿ ಹಾವುಗಳಿವೆ. ಕೆಲವು ಮುದ್ರೆಗಳಲ್ಲಿ ಗರುಡನ ಬದಲು ಯೋಗಾಸನದ ಶಿವನೂ ಉಂಟು.

ಯೂರೋಪಿನ ಸರದಾರರು ಗುರಾಣಿಯ ಮೇಲೆ ಸಿಂಹವನ್ನೋ ಹದ್ದನ್ನೋ ಬರೆಸಿ, ಅದನ್ನು ವಂಶದ ಸೊತ್ತಾಗಿ ಮಕ್ಕಳಿಗೆ ಬಿಟ್ಟುಕೊಡತೊಡಗಿದ್ದು 12ನೇ ಶತಮಾನದಲ್ಲಿ. ಅಲ್ಲಿ ಮನೆತನದ ಗುರುತು ರಣರಂಗದ ಗುರಾಣಿಯಲ್ಲಿ ಬೆಳೆಯಿತು. ನಮ್ಮಲ್ಲಿ ಅದಕ್ಕಿಂತ ಶತಮಾನಗಳ ಮೊದಲೇ ದಾನಪತ್ರದ ಮುದ್ರೆಯಲ್ಲಿ, ಅರಸ ಕೊಟ್ಟ ಮಾತಿಗೆ ಸಾಕ್ಷಿಯಾಗಿ ಲಾಂಛನ ಕೂತಿತ್ತು.

ಹಂದಿಯನ್ನು ಜಿಂಕೆ ಮಾಡಿದವರು

ಗರುಡನೇ ಏಕೆ? ಬಾದಾಮಿ ಚಾಲುಕ್ಯರದು ವರಾಹ ಲಾಂಛನ. ನಾರಾಯಣನ ಕೃಪೆಯಿಂದ ಪಡೆದ ಆ ವರಾಹವನ್ನು ಕಂಡ ಕ್ಷಣವೇ ಅರಸರೆಲ್ಲ ವಶರಾದರು ಎಂದು ಅವರ ಶಾಸನಗಳು ಸಾರುತ್ತವೆ. ಭೂದೇವಿಯನ್ನು ಎತ್ತಿದ ವರಾಹಕ್ಕೂ ‘ಪೃಥ್ವೀವಲ್ಲಭ’ ಎಂಬ ಅವರ ಬಿರುದಿಗೂ ನೇರ ನಂಟು. 8ನೇ ಶತಮಾನದ ನಡುವೆ ರಾಷ್ಟ್ರಕೂಟ ಅರಸ ದಂತಿದುರ್ಗ ಅವರನ್ನು ಸೋಲಿಸಿದಾಗ ಬಿರುದನ್ನು ರಾಷ್ಟ್ರಕೂಟರು ತಮ್ಮದಾಗಿಸಿಕೊಂಡರು, ವರಾಹವನ್ನು ಮಾತ್ರ ಬಿಟ್ಟರು. ಸೋತವರ ಮುದ್ರೆ ಒತ್ತಿದರೆ ಅಪ್ಪಣೆ ಯಾರದೆಂದು ತಿಳಿಯುವುದು ಹೇಗೆ? ಹೊಸ ಗುರುತು ಬೇಕಿತ್ತು, ಆದರೆ ಅದು ಅದೇ ವಿಷ್ಣುವಿನ ಬಳಗದ್ದಾಗಿರಬೇಕಿತ್ತು. ಭೂಮಿಯನ್ನು ಎತ್ತಿದವನ ಜಾಗಕ್ಕೆ ವಿಷ್ಣುವನ್ನೇ ಹೊತ್ತವನು ಬಂದ. ಮುಂದೆ ಅವರು ತಮ್ಮನ್ನು ಯದುವಂಶದವರೆಂದು ಕರೆದುಕೊಂಡಾಗ ಗರುಡ ಇನ್ನೂ ಚೆನ್ನಾಗಿ ಹೊಂದಿಕೊಂಡ.

ಲಾಂಛನಗಳ ಭಾಷೆ ಆ ಕಾಲದ ಕವಿಗಳಿಗೆ ಮನೆಮಾತಾಗಿತ್ತು. 812ರ ಬರೋಡಾ ತಾಮ್ರಪಟ, ಮೇಲೆರಗಿ ಬಂದ ಮಹಾವರಾಹವನ್ನು ರಾಷ್ಟ್ರಕೂಟ ಅರಸ ಒಂದನೇ ಕೃಷ್ಣನು ಜಿಂಕೆ ಮಾಡಿಬಿಟ್ಟ ಎನ್ನುತ್ತದೆ. ಒಬ್ಬ ಚಾಲುಕ್ಯ ಅರಸನ ಹೆಸರನ್ನೂ ಎತ್ತದೆ ಒಂದು ವಂಶದ ಸೋಲನ್ನು ಹೇಳಿ ಮುಗಿಸಿದ ಜಾಣ್ಮೆ ಅದು. 805ರ ನೇಸರಿ ತಾಮ್ರಪಟ ಇನ್ನೂ ಮುಂದೆ ಹೋಗುತ್ತದೆ. ಅದೇ ವಂಶದ ಮೂರನೇ ಗೋವಿಂದನು ಪಾಂಡ್ಯರ ಮೀನು, ಪಲ್ಲವರ ಗೂಳಿ, ಚೋಳರ ಹುಲಿ, ಗಂಗರ ಆನೆ, ಕೇರಳರ ಬಿಲ್ಲುಗಳನ್ನು ಕಿತ್ತುಕೊಂಡನೆಂದು ಅದರಲ್ಲಿ ಪಟ್ಟಿಯೇ ಇದೆ. ಗೆದ್ದ ನಾಡುಗಳ ಲೆಕ್ಕವನ್ನು ಕಿತ್ತ ಗುರುತುಗಳಲ್ಲಿ ಇಟ್ಟಿದ್ದಾರೆ. ಲಾಂಛನ ಹೋದರೆ ಮಾನ ಹೋದಂತೆ ಎಂಬುದು ಕೊಟ್ಟವರಿಗೂ ಕಿತ್ತವರಿಗೂ ಗೊತ್ತಿತ್ತು.

ಸಾಲು ಸಾಲು ಬಾವುಟ

ಮುದ್ರೆಯ ಲಾಂಛನ ಬೇರೆ, ಮುಂದೆ ಹಿಡಿದು ನಡೆಯುವ ಧ್ವಜ ಬೇರೆ. ರಾಷ್ಟ್ರಕೂಟರಿಗೆ ‘ಪಾಳಿಧ್ವಜ’ ಎಂಬ ಹಿರಿಮೆಯಿತ್ತು. ಪಾಳಿ ಅಂದರೆ ಸಾಲು. ಇದರ ಅರ್ಥ ಬಿಡಿಸಲು ವಿದ್ವಾಂಸ ಕೆ.ಬಿ. ಪಾಠಕರಿಗೆ ನೆರವಾದದ್ದು ರಾಷ್ಟ್ರಕೂಟ ಅರಸ ಅಮೋಘವರ್ಷನ ಗುರು ಜಿನಸೇನಾಚಾರ್ಯರ ‘ಆದಿಪುರಾಣ’. ಅದರಂತೆ ಮಾಲೆ, ವಸ್ತ್ರ, ನವಿಲು, ತಾವರೆ, ಹಂಸ, ಗರುಡ, ಸಿಂಹ, ಎತ್ತು, ಆನೆ, ಚಕ್ರ ಹೀಗೆ ಹತ್ತು ಚಿಹ್ನೆ. ಒಂದೊಂದು ಚಿಹ್ನೆಗೆ 108 ಬಾವುಟ, ಒಂದು ದಿಕ್ಕಿಗೆ 1,080, ನಾಲ್ಕು ದಿಕ್ಕಿಗೆ 4,320. ಕಾಗಿಣಾ ದಂಡೆಯ ಅರಮನೆಯ ಹಿರಿಮೆ ಬಸದಿಯ ಗ್ರಂಥದಲ್ಲಿ ಅರ್ಥ ಕಂಡಿತು. ಈ ಊರಿನಲ್ಲಿ ಆಗ ರಾಜ್ಯಭಾರವೂ ವಿದ್ಯೆಯೂ ಎಷ್ಟು ಹತ್ತಿರ ಕೂತಿದ್ದವು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಹೋದದ್ದು, ಉಳಿದದ್ದು

972ರಲ್ಲಿ ಮಾಳವದ ಪರಮಾರ ಸೀಯಕ ಮಾನ್ಯಖೇಟವನ್ನು ಸೂರೆ ಹೊಡೆದ. ರಾಷ್ಟ್ರಕೂಟ ಅರಸ ಖೊಟ್ಟಿಗನ ಸಂಪತ್ತನ್ನು ಕಸಿದ ಅವನನ್ನು ಉದಯಪುರ ಪ್ರಶಸ್ತಿ ಉಗ್ರತೆಯಲ್ಲಿ ಗರುಡನಿಗೇ ಹೋಲಿಸುತ್ತದೆ. ಪರಮಾರರ ತಾಮ್ರಪಟಗಳಲ್ಲೂ ಇರುವುದು ಗರುಡನೇ. ಗರುಡನ ಮನೆಯನ್ನು ಗರುಡನ ಗುರುತಿನವರೇ ದೋಚಿದರು. ಮರುವರ್ಷ ಚಾಲುಕ್ಯ ಇಮ್ಮಡಿ ತೈಲಪ ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿದ. ಜಿಂಕೆಯಾಗಿದ್ದ ವರಾಹ ಇನ್ನೂರು ವರ್ಷಗಳ ಮೇಲೆ ಚಾಲುಕ್ಯರೊಡನೆ ಇದೇ ಕೋಟೆಗೆ ಬಂತು. ಒಂದನೇ ಸೋಮೇಶ್ವರ ಕಲ್ಯಾಣಕ್ಕೆ ಹೋಗುವವರೆಗೂ ಅವರ ರಾಜಧಾನಿ ಇಲ್ಲೇ ಇತ್ತು.

ಹಾಗೆಂದು ಗರುಡ ಅಳಿಯಲಿಲ್ಲ. ರಾಷ್ಟ್ರಕೂಟರ ಕುಲದವರೆಂದು ಹೇಳಿಕೊಂಡ ಸವದತ್ತಿಯ ರಟ್ಟರು 13ನೇ ಶತಮಾನದಲ್ಲೂ ಶಾಸನಗಳಲ್ಲಿ ‘ಸುವರ್ಣಗರುಡಧ್ವಜ’ರೆಂದು ಬರೆಸಿದರು. ಲಾಂಛನ ಆನೆಯದಾದರೂ ಬಾವುಟದಲ್ಲಿ ಹಿರಿಯರ ಹಕ್ಕಿಯನ್ನು ಉಳಿಸಿಕೊಂಡರು. ಆಳಲು ಮಾನ್ಯಖೇಟ ಇರಲಿಲ್ಲ, ಹೇಳಿಕೊಳ್ಳಲು ಗರುಡನಿದ್ದ.

ಸೇಡಂ, ಚಿತ್ತಾಪುರ, ಚಿಂಚೋಳಿಯ ಶಾಲೆಗಳ ಮಕ್ಕಳನ್ನು ಮಳಖೇಡಕ್ಕೆ ಕರೆತರುವ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. ಕೋಟೆಯ ಕಲ್ಲು ತೋರಿಸುವ ಮುನ್ನ ಆ ಮುದ್ರೆಯ ಒಂದು ಚಿತ್ರ ಅವರ ಕೈಗೆ ಕೊಡಿ. ತಮ್ಮೂರ ಹೊಳೆಯ ದಂಡೆಯಿಂದ ಹಾರಿದ ಹಕ್ಕಿ ಎಲ್ಲೆಲ್ಲಿ ಇಳಿಯಿತೆಂದು ಅವರು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಲಿ.