ಗಾಳಿ ಆರಿಸುವ ಯಂತ್ರವನ್ನು ಆರಿಸುವುದು ಹೇಗೆ?



ಈ ಲೇಖನ ಹುಟ್ಟಿದ್ದು ಒಂದು ಪಂದ್ಯದಿಂದ. ನನ್ನ ಸೋದರಮಾವ ಲಾರಿ ಡ್ರೈವರ್. ಹೋದ ಸಲ ಊರಿಗೆ ಬಂದಾಗ ಒಂದು ಹಳೇ ಮೋಟಾರು ಪತ್ರಿಕೆ ತಂದುಕೊಟ್ಟಿದ್ದರು. ಅದರಲ್ಲಿ ಲೋಟಸ್ ಎಕ್ಸೀಜ್ ಎಸ್ ಎಂಬ ಇಂಗ್ಲೆಂಡಿನ ಕಾರಿನ ಚಿತ್ರವಿತ್ತು. ಕಾರಿನ ನೆತ್ತಿಯ ಮೇಲೆ ಮೀನು ಬಾಯಿ ಬಿಟ್ಟ ಹಾಗೆ ಒಂದು ಗಂಡಿ. ನನ್ನ ಗೆಳೆಯ ಕೇಳಿದ, "ಲೋ, ನೆತ್ತಿ ಮೇಲೆ ತೂತು ಯಾಕೋ? ಮಳೆ ಬಂದ್ರೆ?" ನಾನು ಜಂಬದಿಂದ, "ಅದು ಗಾಳಿ ಆರಿಸೋ ಕೂಲರ್‌ಗೆ. ಕೂಲರ್ ದೊಡ್ಡದಾದಷ್ಟೂ ಕಾರು ಜೋರು" ಅಂದೆ. ಅವನು ಒಪ್ಪಲಿಲ್ಲ. ಒಂದು ಪಟ್ಟಿ ಕಡ್ಲೆಮಿಠಾಯಿ ಪಂದ್ಯ ಕಟ್ಟಿದೆವು. ತೀರ್ಪು ಹೇಳಿದ್ದು ಮಾವ. ಸೋತದ್ದು ನಾನು. ವಿಜ್ಞಾನದ ಮೇಷ್ಟ್ರಿಗೆ ಹೇಳಿದಾಗ ಅವರು ನಕ್ಕು, "ಯಾಕೆ ಸೋತೆ ಅನ್ನೋದನ್ನೇ ಗೋಡೆ ಪತ್ರಿಕೆಗೆ ಬರಿ" ಅಂದರು. ಬರೆದಿದ್ದೇನೆ, ಓದಿ.

ಮೊದಲು ಸೈಕಲ್ ಪಂಪು

ಸೈಕಲ್ ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹತ್ತು ಸಲ ಜೋರಾಗಿ ಒತ್ತಿ. ಆಮೇಲೆ ಪಂಪಿನ ಬುಡ ಮುಟ್ಟಿ ನೋಡಿ. ಬಿಸಿ! ಉಜ್ಜಾಟದಿಂದ ಬಂದ ಬಿಸಿ ಸ್ವಲ್ಪವೇ. ಹೆಚ್ಚಿನದು ಗಾಳಿಯನ್ನು ಅದುಮಿದ್ದರಿಂದ ಬಂದದ್ದು. ನಮ್ಮ ತೋಳು ಮಾಡಿದ ಕೆಲಸವೇ ಗಾಳಿಯೊಳಗೆ ಶಾಖವಾಗಿ ಕೂರುತ್ತದೆ.

ಸೂಪರ್‌ಚಾರ್ಜರ್ ಕೂಡ ಒಂದು ಪಂಪೇ. ಎಂಜಿನ್ನಿನಲ್ಲಿ ಪೆಟ್ರೋಲ್ ಉರಿಯಲು ಗಾಳಿ ಬೇಕು. ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಹೆಚ್ಚು ಶಕ್ತಿ ಸಿಗುತ್ತದೆ. ಅದಕ್ಕೇ ಎಂಜಿನ್ನಿನಿಂದಲೇ ಒಂದು ಬೆಲ್ಟ್ ಹಾಕಿ ಈ ಪಂಪನ್ನು ತಿರುಗಿಸುತ್ತಾರೆ. ಮಾವನ ಲಾರಿಯಲ್ಲಿರುವುದು ಟರ್ಬೊ. ಅದನ್ನು ತಿರುಗಿಸುವುದು ಬೆಲ್ಟಲ್ಲ, ಎಂಜಿನ್ ಹೊರಗೆ ಬಿಡುವ ಹೊಗೆ. ಎರಡೂ ಗಾಳಿಯನ್ನು ಅದುಮುತ್ತವೆ, ಎರಡೂ ಬಿಸಿ ಮಾಡುತ್ತವೆ.

ಎಷ್ಟು ಬಿಸಿ? ಮೇಷ್ಟ್ರ ಸಹಾಯದಿಂದ ಒಂದು ಲೆಕ್ಕ ಮಾಡಿದೆ. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದೆ ಅನ್ನಿ. ಅದರ ಒತ್ತಡವನ್ನು ಒಂದೂವರೆ ಪಟ್ಟು ಮಾಡಿದರೆ, ಪಂಪು ಪರಿಪೂರ್ಣವಾಗಿದ್ದರೂ ಗಾಳಿ ಸುಮಾರು 67 ಡಿಗ್ರಿಗೆ ಏರುತ್ತದೆ. ಆದರೆ ಪರಿಪೂರ್ಣ ಪಂಪು ಎಲ್ಲಿದೆ? ಅದರ ದಕ್ಷತೆ ನೂರಕ್ಕೆ 60 ಎಂದು ಹಿಡಿದರೆ ಗಾಳಿ 92 ಡಿಗ್ರಿ ಮುಟ್ಟುತ್ತದೆ. ಬಿಸಿ ಗಾಳಿ ಹಿಗ್ಗುತ್ತದೆಯಲ್ಲ? ಒತ್ತಡ ಒಂದೂವರೆ ಪಟ್ಟಾದರೂ ಒಳಗೆ ಹೋಗುವ ಗಾಳಿ ಒಂದೂವರೆ ಪಟ್ಟಾಗುವುದಿಲ್ಲ. ಸೆಲ್ಸಿಯಸ್‌ಗೆ 273 ಕೂಡಿಸಿ ನೀವೂ ಮಾಡಿ ನೋಡಿ: 1.5 × 303 ÷ 365 = 1.25. ಅಂದರೆ ಸಿಗಬೇಕಾದ ಲಾಭದಲ್ಲಿ ಅರ್ಧ ಬಿಸಿಯ ಪಾಲು!

ಅದೇ ಗಾಳಿಯನ್ನು 49 ಡಿಗ್ರಿಗೆ ಆರಿಸಿ ಒಳಗೆ ಬಿಟ್ಟರೆ 1.5 × 303 ÷ 322 = 1.41. ಲಾಭ ವಾಪಸ್ಸು ಬಂತು. ಇನ್ನೊಂದು ಉಪಕಾರವೂ ಉಂಟು. ಗಾಳಿ ತೀರಾ ಬಿಸಿಯಾಗಿದ್ದರೆ ಪೆಟ್ರೋಲ್ ಮಿಶ್ರಣದ ಒಂದು ಭಾಗ ಜ್ವಾಲೆ ಅಲ್ಲಿಗೆ ಬರುವ ಮೊದಲೇ ತಾನಾಗಿ ಸಿಡಿಯುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ ನಾಕಿಂಗ್ ಅನ್ನುತ್ತಾರೆ. ಎಂಜಿನ್ ಒಳಗೆ ಸುತ್ತಿಗೆಯಲ್ಲಿ ಹೊಡೆದಂತೆ ಸದ್ದು. ಹೀಗೇ ಬಿಟ್ಟರೆ ಪಿಸ್ಟನ್ ಹಾಳು. ಗಾಳಿ ತಂಪಾಗಿದ್ದರೆ ಈ ಭಯ ಕಡಿಮೆ.

ಹಾಲು ಆರಿಸುವ ಎರಡು ವಿಧಾನ

ನಮ್ಮಜ್ಜಿ ತಮ್ಮನಿಗೆ ಹಾಲು ಆರಿಸುವುದನ್ನು ನೋಡಿ ನನಗೆ ಇದು ಅರ್ಥವಾಯಿತು. ಒಂದೊಂದು ಸಲ ಅಜ್ಜಿ ಲೋಟಕ್ಕೆ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಾರೆ. ಅವಸರವಿದ್ದರೆ ಲೋಟವನ್ನು ತಣ್ಣೀರಿನ ಬೋಗುಣಿಯಲ್ಲಿ ಇಡುತ್ತಾರೆ. ಕಾರಿನಲ್ಲೂ ಇವೇ ಎರಡು.

ಬೀಸಣಿಗೆಯ ವಿಧಾನದಲ್ಲಿ ಬಿಸಿ ಗಾಳಿ ರೇಡಿಯೇಟರ್‌ನಂಥ ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಹಾದುಹೋಗುತ್ತದೆ. ಹೊರಗಿನಿಂದ ಎದುರುಗಾಳಿ ಬೀಸಿ ಅದನ್ನು ಆರಿಸುತ್ತದೆ. ಇದೇ ಏರ್-ಟು-ಏರ್ ಇಂಟರ್‌ಕೂಲರ್. ಸರಳ, ಹಗುರ, ಕೆಡಲು ಹೆಚ್ಚೇನೂ ಇಲ್ಲ. ಆದರೆ ಕಾರು ನಿಂತರೆ ಬೀಸಣಿಗೆಯೂ ನಿಂತಿತು.

ಬೋಗುಣಿಯ ವಿಧಾನದಲ್ಲಿ ಗಾಳಿಯ ಶಾಖವನ್ನು ನೀರು ಎಳೆದುಕೊಳ್ಳುತ್ತದೆ. ಒಂದು ಚಿಕ್ಕ ಕರೆಂಟ್ ಪಂಪು ಆ ನೀರನ್ನು ಕಾರಿನ ಮುಂದಿರುವ ಬೇರೊಂದು ರೇಡಿಯೇಟರ್‌ಗೆ ತಳ್ಳಿ ಆರಿಸಿ ತರುತ್ತದೆ. ಇದಕ್ಕೆ ಚಾರ್ಜ್‌ಕೂಲರ್ ಅನ್ನುತ್ತಾರೆ. ತೂಕಕ್ಕೆ ತೂಕ ಹಾಕಿದರೆ ನೀರು ಗಾಳಿಗಿಂತ ನಾಲ್ಕು ಪಟ್ಟು ಶಾಖ ಹಿಡಿಯುತ್ತದೆ. ಹಾಗಾಗಿ ಪೆಟ್ಟಿಗೆ ಚಿಕ್ಕದಿದ್ದರೂ ನಡೆಯುತ್ತದೆ. ಆದರೆ ಪಂಪು, ಹೋಸು, ಟ್ಯಾಂಕು, ನೀರು ಎಲ್ಲದರ ಭಾರವಿದೆ, ಸೋರುವ ಭಯವಿದೆ. ಒಂದೇ ಬೋಗುಣಿಯಲ್ಲಿ ಹತ್ತು ಲೋಟ ಇಟ್ಟರೆ ನೀರೇ ಬಿಸಿಯಾಗುವಂತೆ, ಇಲ್ಲೂ ಒಮ್ಮೆ ಬಿಸಿಯಾದ ನೀರು ಬೇಗ ಆರುವುದಿಲ್ಲ.

"ಎಂಜಿನ್ನಿಗೆ ಹೋಗೋ ನೀರನ್ನೇ ಇದಕ್ಕೂ ಬಿಟ್ರೆ ಆಗಲ್ವ?" ಎಂದು ಗೆಳೆಯ ಕೇಳಿದ. ಆಗಲ್ಲ. ಎಂಜಿನ್ ನೀರೇ 90 ಡಿಗ್ರಿ ಹತ್ತಿರ ಇರುತ್ತದೆ. ಬಿಸಿ ನೀರಿನ ಬೋಗುಣಿಯಲ್ಲಿ ಹಾಲು ಆರೀತೇ?

ಒಂದೇ ಕಂಪನಿ, ಮೂರು ಉತ್ತರ

ಈಗ ನನ್ನ ಸೋಲಿನ ವಿಷಯಕ್ಕೆ ಬರುತ್ತೇನೆ. ಲೋಟಸ್ ಕಂಪನಿಯ ಕಾರ್ಖಾನೆ ಇರುವುದು ಇಂಗ್ಲೆಂಡಿನ ನಾರ್ಫೋಕ್ ಜಿಲ್ಲೆಯ ಹೆಥೆಲ್ ಎಂಬಲ್ಲಿ. ಅವರ ಈ ಕಾರುಗಳಲ್ಲಿ ಎಂಜಿನ್ ಕೂರುವುದು ಸೀಟಿನ ಹಿಂದೆ. ಅಲ್ಲಿಗೆ ಎದುರುಗಾಳಿ ಸುಲಭವಾಗಿ ಸಿಗುವುದಿಲ್ಲ.

2006ರ ಎಕ್ಸೀಜ್ ಎಸ್‌ನಲ್ಲಿ ಟೊಯೊಟಾದ 1.8 ಲೀಟರ್ ಎಂಜಿನ್ನಿಗೆ ಸೂಪರ್‌ಚಾರ್ಜರ್ ಹಾಕಿದರು. ಎಂಜಿನ್ ಮೇಲೆ ಏರ್-ಟು-ಏರ್ ಕೂಲರ್ ಇಟ್ಟು, ನೆತ್ತಿಯ ಗಂಡಿಯಿಂದ ಅದಕ್ಕೆ ಗಾಳಿ ಕೊಟ್ಟರು. ಸುಮಾರು 190 ಇದ್ದ ಅಶ್ವಶಕ್ತಿ 218ಕ್ಕೆ ಏರಿತು. ಆದರೆ ಹಿಂದಿನ ಗಾಜಿಗೆ ಆ ಕೂಲರ್ ಅಡ್ಡ ಬಂತು. ಒಳಗಿನ ಕನ್ನಡಿಯಲ್ಲಿ ಹಿಂದೆ ಬರುವ ವಾಹನ ಕಾಣುವುದೇ ಕಷ್ಟ!

2008ರಲ್ಲಿ ಅದೇ ಎಂಜಿನ್ನಿಗೆ ಸೂಪರ್‌ಚಾರ್ಜರ್ ಹಾಕಿ ಎಲೀಸ್ ಎಸ್‌ಸಿ ಎಂಬ ಕಾರು ತಂದರು. ಅದರ ಛಾವಣಿ ತೆಗೆದಿಡುವಂಥದ್ದು, ನೆತ್ತಿ ಗಂಡಿಗೆ ಜಾಗವಿಲ್ಲ. ಏನು ಮಾಡಿದರು ಗೊತ್ತೇ? ಕೂಲರನ್ನೇ ಬಿಟ್ಟರು! ಚಿಕ್ಕ ಸೂಪರ್‌ಚಾರ್ಜರನ್ನು ಗಾಳಿ ಒಳಹೋಗುವ ಕೊಳವೆಗೇ ಸೇರಿಸಿ ಒಂದೇ ತುಂಡು ಮಾಡಿದರು. ಅದಕ್ಕೂ ಸುಮಾರು 218 ಅಶ್ವಶಕ್ತಿಯೇ ಬಂತು. ಉದ್ದ ಕೊಳವೆ ಇಲ್ಲ, ಭಾರವೂ ಕಡಿಮೆ. ನಾನು ಪಂದ್ಯ ಸೋತದ್ದು ಇಲ್ಲೇ.

ಹಾಗಾದರೆ ಕೂಲರ್ ದಂಡವೇ? ಅದೂ ಅಲ್ಲ. 2010ರ ಎವೋರಾ ಎಸ್‌ನ 3.5 ಲೀಟರ್ ಎಂಜಿನ್ನಿಗೆ ಸೂಪರ್‌ಚಾರ್ಜರ್ ಇತ್ತು, ಕೂಲರ್ ಇರಲಿಲ್ಲ. ಶಕ್ತಿ 345. 2015ರಲ್ಲಿ ಎವೋರಾ 400 ಬಂದಾಗ ಹೊಸ ಸೂಪರ್‌ಚಾರ್ಜರ್ ಜೊತೆಗೆ ನೀರಿನ ಚಾರ್ಜ್‌ಕೂಲರನ್ನೂ ಇಟ್ಟರು. ಶಕ್ತಿ 400ಕ್ಕೆ ಹೋಯಿತು. ಇನ್ನೂ ಹೆಚ್ಚು ಅದುಮಬೇಕಾದಾಗ ತಂಪಿಲ್ಲದೆ ನಡೆಯಲಿಲ್ಲ. 2021ಕ್ಕೆ ಈ ಮೂರೂ ಕಾರುಗಳ ತಯಾರಿಕೆ ನಿಂತಿತು. ಪಾಠ ಮಾತ್ರ ಉಳಿದಿದೆ.

ಆರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಎಷ್ಟು ಅದುಮುತ್ತೇವೆ? ಸ್ವಲ್ಪವೇ ಆದರೆ ಕೂಲರ್ ಇಲ್ಲದೆಯೂ ಆಗಬಹುದು. ಜಾಸ್ತಿಯಾದರೆ ಬೇಕೇ ಬೇಕು.

2. ಎಷ್ಟು ಹೊತ್ತು ಓಡುತ್ತದೆ? ಗಂಟೆಗಟ್ಟಲೆ ಹೆದ್ದಾರಿಯಲ್ಲಿ ಓಡುವುದಕ್ಕೆ ಏರ್-ಟು-ಏರ್ ಒಳ್ಳೆಯದು. ಕೆಲವೇ ಸೆಕೆಂಡಿನ ಪಂದ್ಯಕ್ಕೆ ನೀರು ಒಳ್ಳೆಯದು. ಅಮೆರಿಕದ ಡ್ರ್ಯಾಗ್ ರೇಸಿನವರು ಟ್ಯಾಂಕಿಗೆ ಐಸ್ ತುಂಬುತ್ತಾರೆ. ಆಗ ಹೊರಗಿನ ಗಾಳಿಗಿಂತಲೂ ತಂಪು ಸಿಗಬಹುದು. ಬೀಸಣಿಗೆಯಿಂದ ಅದು ಎಂದೂ ಸಾಧ್ಯವಿಲ್ಲ.

3. ಜಾಗ ಎಲ್ಲಿದೆ? ದಪ್ಪ ಗಾಳಿ ಕೊಳವೆಯನ್ನು ದೂರ ಎಳೆಯುವುದಕ್ಕಿಂತ ಸಣ್ಣ ನೀರಿನ ಹೋಸು ಎಳೆಯುವುದು ಸುಲಭ.

4. ಒತ್ತಡ ಎಷ್ಟು ಸೋರಿಹೋಗುತ್ತದೆ? ಉದ್ದ ಕೊಳವೆ, ಇಕ್ಕಟ್ಟಿನ ಕೂಲರ್ ದಾಟುವಾಗ 1.5 ಇದ್ದದ್ದು 1.4 ಆದರೆ ನಮ್ಮ 1.41ರ ಲಾಭ 1.32ಕ್ಕೆ ಇಳಿಯುತ್ತದೆ. ಮುಂದೆ ಭಾರೀ ಕೂಲರ್ ಇಟ್ಟರೆ ಹಿಂದಿರುವ ರೇಡಿಯೇಟರ್‌ಗೆ ಗಾಳಿ ಸಾಲದೆ ಎಂಜಿನ್ನೇ ಕುದಿಯಬಹುದು.

ಮಾವ ಸೇರಿಸಿದ ಐದನೇ ಪ್ರಶ್ನೆ

"ಇಷ್ಟೇ ಅಲ್ಲ ಕಣೋ, ಅದನ್ನ ತೊಳೆಯಕ್ಕೆ ಕೈ ಹೋಗ್ತದಾ ನೋಡು" ಅಂದರು ಮಾವ. ಹೋದ ವರ್ಷ ಸುಗ್ಗಿ ಸಮಯದಲ್ಲಿ ಮಂಗಳೂರಿನಿಂದ ಲೋಡು ಹಾಕಿಕೊಂಡು ಬರುವಾಗ ಶಿರಾಡಿ ಘಾಟಿಯಲ್ಲಿ ಅವರ ಲಾರಿ ಎಳೆಯಲಿಲ್ಲವಂತೆ. ಬುಸುಬುಸು ಕಪ್ಪು ಹೊಗೆ. ಟರ್ಬೊ ಹೋಯ್ತು, ಸಾವಿರಾರು ರೂಪಾಯಿ ದಂಡ ಅಂತ ಎದೆ ಒಡೆದುಕೊಂಡರಂತೆ. ಸಕಲೇಶಪುರದಲ್ಲಿ ಮೆಕ್ಯಾನಿಕ್ ಮುಂದಿನ ಜಾಲರಿ ಬಿಚ್ಚಿ ನೋಡಿದರೆ ಇಂಟರ್‌ಕೂಲರಿನ ಸಂದುಗಳಲ್ಲೆಲ್ಲ ಹುರುಳಿ ಹೊಟ್ಟು ಮೆತ್ತಿಕೊಂಡಿತ್ತು! ಎದುರುಗಾಳಿ ತೂರಲು ದಾರಿಯೇ ಇರಲಿಲ್ಲ. ಊದಿ ತೊಳೆದ ಮೇಲೆ ಲಾರಿ ಮೊದಲಿನ ಹಾಗೆ ಎಳೆಯಿತು.

"ಹೊಟ್ಟು ಎಲ್ಲಿಂದ ಬಂತು ಮಾವ?" ಅಂದೆ. "ಇನ್ನೆಲ್ಲಿಂದ? ಲಾರಿ ತುಳೀಲಿ ಅಂತ ರಸ್ತೆ ಮೇಲೆ ಹುರುಳಿ ಹರವ್ತಾರಲ್ಲ!" ನಾನು ಸುಮ್ಮನಾದೆ. ಆ ವಾರ ಊರ ಮುಂದಿನ ಟಾರು ರಸ್ತೆಯಲ್ಲಿ ಹುರುಳಿ ಹರವಿದವರಲ್ಲಿ ನಮ್ಮಪ್ಪನೂ ಒಬ್ಬರು. ಮಾವ ಆ ದಾರಿಯಲ್ಲೇ ಹೋಗಿದ್ದರು. ಮನೆಯಲ್ಲಿ ಈ ಮಾತು ಹೇಳಿದೆ. ಅಪ್ಪ ಮೊದಲು ಸಿಡುಕಿದರು. ಆಮೇಲೆ, "ಈ ಸಲ ಕಣ ಮಾಡೋಣ ಬಿಡು" ಅಂದರು.

ಸ್ನೇಹಿತರೇ, ಯಾವ ಕೂಲರ್ ದೊಡ್ಡದು ಎಂದು ಕೇಳಬೇಡಿ. ಯಾವ ಕೆಲಸಕ್ಕೆ, ಯಾವ ದಾರಿಗೆ ಎಂದು ಕೇಳಿ. ಕಡ್ಲೆಮಿಠಾಯಿ ಪಟ್ಟಿ ಕೊಟ್ಟಾಯಿತು. ಗೆಳೆಯ ಅದರಲ್ಲಿ ಅರ್ಧ ಮುರಿದು ನನಗೇ ಕೊಟ್ಟ.

ಇಂತಿ ನಿಮ್ಮವ,
10ನೇ ತರಗತಿಯ ವಿದ್ಯಾರ್ಥಿ