ಹುಲ್ಲುಗಾವಲಿನ ಲೆಕ್ಕ

ಎರಡು ಹೊಲಗಳಿವೆಯೆನ್ನಿ. ಎರಡರಲ್ಲಿಯೂ ನೂರು ಗಿಡ, ನಾಲ್ಕು ಜಾತಿ. ಮೊದಲನೆಯದರಲ್ಲಿ ಪ್ರತಿ ಜಾತಿಯವು 25. ಎರಡನೆಯದರಲ್ಲಿ ಒಂದು ಜಾತಿಯವೇ 97, ಉಳಿದ ಮೂರು ಒಂದೊಂದು. ಜಾತಿಗಳನ್ನಷ್ಟೇ ಎಣಿಸಿದರೆ ಎರಡೂ ಸಮ. ಕಣ್ಣಿಗೆ ಮಾತ್ರ ಎರಡನೆಯದು ಒಂದೇ ಬೆಳೆಯ ಹೊಲ. ಈ ವ್ಯತ್ಯಾಸವನ್ನು ಅಂಕಿಯಲ್ಲಿ ಹಿಡಿಯಲು ಜೀವವಿಜ್ಞಾನಿಗಳು, ಕ್ಲಾಡ್ ಶ್ಯಾನನ್ 1948ರಲ್ಲಿ ಸಂದೇಶ ರವಾನೆಯ ಅಧ್ಯಯನಕ್ಕೆಂದು ಪ್ರಕಟಿಸಿದ ಸೂತ್ರವನ್ನು ಎರವಲು ಪಡೆದರು. ಅದರಿಂದ ಲೆಕ್ಕ ಹಾಕಿದರೆ ಮೊದಲ ಹೊಲದ್ದು ನಾಲ್ಕು ಜಾತಿಗಳ ವೈವಿಧ್ಯ. ಎರಡನೆಯದರದ್ದು ಸುಮಾರು 1.2 ಜಾತಿಯಷ್ಟೇ!

ಅಳೆದದ್ದಾಯಿತು. ಈ ವೈವಿಧ್ಯದಿಂದ ಉಪಯೋಗವೇನು? ಉತ್ತರ ಹುಡುಕಿದ ಸ್ಥಳಗಳಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಸೀಡರ್ ಕ್ರೀಕ್ ಪ್ರಸಿದ್ಧವಾದುದು. ಅಲ್ಲಿ ಡೇವಿಡ್ ಟಿಲ್ಮನ್ ಮತ್ತು ಸಂಗಡಿಗರು 1982ರಿಂದ ಹುಲ್ಲುಗಾವಲಿನ ತುಂಡುಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಸಾರಜನಕ ಗೊಬ್ಬರ ಹಾಕುತ್ತ ಬಂದರು. ಗೊಬ್ಬರ ಹೆಚ್ಚಿದಂತೆ ಹುಲ್ಲು ಸೊಂಪಾಯಿತು, ಜಾತಿಗಳು ಕಡಿಮೆಯಾದವು. 1988ರಲ್ಲಿ ಭೀಕರ ಬರ ಬಂತು. ಬಹು ಜಾತಿಗಳಿದ್ದ ತುಂಡುಗಳಲ್ಲಿ ಬೆಳವಣಿಗೆ ಸುಮಾರು ಅರ್ಧಕ್ಕಿಳಿಯಿತು. ಕೆಲವೇ ಜಾತಿಗಳಿದ್ದಲ್ಲಿ ಎಂಟನೆಯ ಒಂದು ಭಾಗಕ್ಕೆ ಕುಸಿಯಿತು.

ಇದು ವೈವಿಧ್ಯದ ಗುಣವೋ, ಗೊಬ್ಬರದ ದೋಷವೋ ಎಂದು ಟೀಕಾಕಾರರು ಕೇಳಿದರು. ರಸಾಯನಶಾಸ್ತ್ರದವನಾದ ನನಗೆ ಈ ಆಕ್ಷೇಪಣೆ ನ್ಯಾಯವೆನಿಸುತ್ತದೆ. ಎರಡು ಸಂಗತಿಗಳು ಒಟ್ಟಿಗೆ ಬದಲಾದರೆ ಯಾವುದು ಕಾರಣವೆಂದು ಹೇಳುವುದು ಹೇಗೆ? 1994ರಲ್ಲಿ ಅದೇ ಸೀಡರ್ ಕ್ರೀಕಿನಲ್ಲಿ ಉದ್ದಗಲ 9 ಮೀಟರಿನ 168 ಮಡಿಗಳನ್ನು ಮಾಡಿ 1, 2, 4, 8 ಅಥವಾ 16 ಜಾತಿಗಳನ್ನು ಚೀಟಿ ಎತ್ತಿದಂತೆ ಆರಿಸಿ ಬಿತ್ತಿದರು. ಮಿಕ್ಕ ಜಾತಿಗಳು ನುಸುಳದಂತೆ ಕಳೆ ಕಿತ್ತರು. ಏಳು ವರ್ಷಗಳ ವೇಳೆಗೆ 16 ಜಾತಿಗಳ ಮಡಿಗಳಲ್ಲಿ ಒಂಟಿ ಜಾತಿಯವಕ್ಕಿಂತ ಸರಾಸರಿ 2.7 ಪಟ್ಟು ಸಸ್ಯರಾಶಿ ಇತ್ತು. ಕಾರಣಗಳಲ್ಲೊಂದು ನಮ್ಮ ರೈತನಿಗೆ ಹೊಸದಲ್ಲ: ದ್ವಿದಳ ಗಿಡ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗಿಳಿಸುತ್ತದೆ, ಜೊತೆಯ ಹುಲ್ಲಿಗೆ ಅದು ಒದಗುತ್ತದೆ. ರಾಗಿ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುತ್ತಿದ್ದ ಹಿರಿಯರು ಇಲ್ಲಿ ನೆನಪಾಗುತ್ತಾರೆ.

ಹಾಗೆಂದು ಎಲ್ಲ ಉಪಕಾರವೂ ಒಂದೇ ಅಂಕಿಯಲ್ಲಿ ಅಡಗದು. ಮೇವಿಗೆ ಒಂದು ಗಿಡ ಮುಖ್ಯ, ಜೇನಿಗೆ ಇನ್ನೊಂದು, ಮಣ್ಣು ಹಿಡಿಯಲು ಮತ್ತೊಂದು. ಯಾವ ಉಪಕಾರ, ಎಷ್ಟು ವರ್ಷದ ಮಾತು ಎಂದು ಕೇಳಿಕೊಂಡ ಮೇಲೆಯೇ ಅಳತೆಗೆ ಅರ್ಥ. ಮಳೆ ಚೆನ್ನಾಗಿದ್ದ ವರ್ಷ ಅಳೆದವನಿಗೆ ಗೊಬ್ಬರದ ಹುಲ್ಲೇ ಗೆದ್ದಂತೆ ಕಂಡೀತು.

ನಮ್ಮಲ್ಲಿ ಅನೇಕರ ಮನೆಯ ಲಾನ್ ಕೂಡ ಆ 97 ಗಿಡಗಳ ಹೊಲವೇ. ಬೇಸಿಗೆ ರಜೆಯಲ್ಲಿ ಹಗ್ಗದಿಂದ ಒಂದು ಮೀಟರಿನ ಚೌಕ ಹಾಕಿ, ಮಕ್ಕಳೊಡನೆ ಕುಳಿತು ಗಿಡಗಳನ್ನು ಎಣಿಸಿ ನೋಡಿ. ಕಳೆನಾಶಕದ ಡಬ್ಬಿಗೆ ಕೈ ಹಾಕುವುದು ಆಮೇಲಿರಲಿ.