ಹೊಸ ಯಂತ್ರಕ್ಕೆ ಹಳೆಯ ಮುಖ

ಒಲೆಯ ಜಾಗ ಬದಲಾದ ಅಡುಗೆಮನೆಯಲ್ಲಿ ಕೈ ಕೆಲವು ದಿನ ಹಳೆಯ ಗೂಡಿನತ್ತಲೇ ಚಾಚುತ್ತದೆ. ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದನ್ನು ನೆನಪಿಟ್ಟುಕೊಳ್ಳುವುದು ತಲೆಗಿಂತ ಹೆಚ್ಚಾಗಿ ಕೈ. ಗಣಕಯಂತ್ರದ ಪರದೆಯೂ ಇಂಥದೇ ಒಂದು ಅಡುಗೆಮನೆ. ಎಡ ಮೂಲೆಯಲ್ಲಿದ್ದ ಗುಂಡಿ ಒಂದು ಬೆಳಿಗ್ಗೆ ನಡುವಿಗೆ ಬಂದು ಕುಳಿತರೆ, ನುರಿತವರೂ ಹೊಸಬರಂತೆ ತಡಕಾಡುತ್ತಾರೆ.

ಇದು ಕೇವಲ ಅಂದಚೆಂದದ ಮಾತಲ್ಲ. ಬೆಳಗಾವಿಯ ಬೆರಳಚ್ಚು ಅಂಗಡಿಗೆ ಒಂದೇ ದಿನ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಭಾಷೆಯ ಕೆಲಸ ಬರುವುದುಂಟು. ಕಣಕುಂಬಿ, ಜಾಂಬೋಟಿ ಕಡೆಯಿಂದ ಖಾನಾಪುರಕ್ಕೆ ಅರ್ಜಿ ಬರೆಸಲು ಬಂದವರಿಗೆ ಊರಿನ ಬಸ್ಸು ತಪ್ಪಿದರೆ ದಿನದ ಕೂಲಿಯೂ ತಪ್ಪಿದಂತೆ. ಪುಟಕ್ಕಿಷ್ಟು ಎಂದು ದುಡಿಯುವವರಿಗಂತೂ ಬೆರಳಿನ ವೇಗವೇ ಆದಾಯ.

ಕಿಟಕಿ, ಚಿತ್ರಗುರುತು, ಮೌಸ್ ಇವುಗಳ ಪದ್ಧತಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ 1973ರ ಆಲ್ಟೊ ಯಂತ್ರದಲ್ಲಿ ರೂಪುಗೊಂಡಿತು. 1984ರಲ್ಲಿ ಮೆಕಿಂತೋಷ್ ಅದನ್ನು ಜನಪ್ರಿಯಗೊಳಿಸಿತು. 1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95 ಎಡ ಮೂಲೆಯಲ್ಲಿ 'ಸ್ಟಾರ್ಟ್' ಗುಂಡಿಯನ್ನಿಟ್ಟಿತು. 2001ರ ಎಕ್ಸ್‌ಪಿ ಬಣ್ಣ ಬದಲಿಸಿದರೂ ಹಳೆಯ ಬೂದು ನೋಟಕ್ಕೆ ಮರಳುವ ಆಯ್ಕೆಯನ್ನು ಉಳಿಸಿಕೊಂಡಿತ್ತು. 2012ರ ವಿಂಡೋಸ್ 8 ಆ ಗುಂಡಿಯನ್ನೇ ತೆಗೆದುಹಾಕಿದಾಗ ಬಳಕೆದಾರರು ಗೊಣಗಿದರು. ಮರುವರ್ಷವೇ ಗುಂಡಿ ಹಿಂದಿರುಗಿತು. 2015ರ ವಿಂಡೋಸ್ 10ರಲ್ಲಿ ಅದರ ಪಟ್ಟಿಯೂ ಮರಳಿತು.

ಲಿನಕ್ಸ್ ಲೋಕದಲ್ಲೂ ಇದೇ ಕಥೆ. 2011ರಲ್ಲಿ ಗ್ನೋಮ್ 3 ತನ್ನ ರೂಪವನ್ನು ಪೂರ್ತಿ ಬದಲಿಸಿತು. ಒಪ್ಪದವರು ಹಳೆಯ ಗ್ನೋಮ್ 2ರ ಆಕರವನ್ನೇ ತೆಗೆದುಕೊಂಡು 'ಮಾತೆ' ಎಂಬ ಪರಿಸರವನ್ನು ಬೆಳೆಸಿದರು. ದಕ್ಷಿಣ ಅಮೆರಿಕದ ಒಂದು ಪಾನೀಯದ ಹೆಸರು ಅದು.

ಕನ್ನಡಿಗರಿಗೆ ಪರದೆಗಿಂತ ದೊಡ್ಡ ಪ್ರಶ್ನೆ ಕೀಲಿಮಣೆಯದು. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡವನ್ನು ಉಚ್ಚಾರಣೆಯಂತೆ ಕೂರಿಸಿದರು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಆ ವಿನ್ಯಾಸ ನಾಡಿನ ಕಚೇರಿಗಳಿಗೆ ಹಬ್ಬಿತು. ಅದರಲ್ಲಿ 'ಎಂ' ಕೀಲಿ ಒತ್ತಿದರೆ 'ಮ' ಮೂಡುತ್ತದೆ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾಗಿ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದೇ ಕೀಲಿಗೆ 'ಸ' ಬರುತ್ತದೆ. 'ಮ' ಬೇಕಾದರೆ 'ಸಿ' ಒತ್ತಬೇಕು. ಹೊಸ ಯಂತ್ರದಲ್ಲಿ ಅದು ಮೊದಲೇ ಆಯ್ಕೆಯಾಗಿದ್ದರೆ 'ಮನೆ' ಎಂದು ಒತ್ತುವ ಕೈ ಮೊದಲ ಅಕ್ಷರದಲ್ಲೇ ಎಡವುತ್ತದೆ.

ಪರಿಹಾರ ಕಷ್ಟದ್ದೇನಲ್ಲ. ವಿಂಡೋಸ್ 11ರಲ್ಲಿ ಕೆಳಗಿನ ಪಟ್ಟಿಯ ಮೇಲೆ ಬಲಗುಂಡಿ ಒತ್ತಿ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಜೋಡಣೆಯನ್ನು 'ಎಡ'ಕ್ಕೆ ಬದಲಿಸಿದರೆ ಗುಂಡಿ ತವರಿಗೆ ಮರಳುತ್ತದೆ. ಹಳೆಯ ಪಟ್ಟಿಯ ನೋಟವೇ ಬೇಕೆಂದರೆ 'ಓಪನ್ ಶೆಲ್' ಎಂಬ ಉಚಿತ ತಂತ್ರಾಂಶವಿದೆ. ಕೀಲಿಮಣೆಗಾಗಿ ನುಡಿಯನ್ನು ಹಾಕಿಕೊಳ್ಳಬಹುದು. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಂತೂ 'ಕಗಪ' ಎಂಬ ಹೆಸರಿನಲ್ಲೇ ಕನ್ನಡ ವಿನ್ಯಾಸ ಸಿಗುತ್ತದೆ.

ಆದರೆ ಒಂದು ಎಚ್ಚರ ಅಗತ್ಯ. ಹಳೆಯ ನೋಟ ಬೇರೆ, ಹಳೆಯ ಯಂತ್ರವ್ಯವಸ್ಥೆ ಬೇರೆ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೇ ಮೈಕ್ರೋಸಾಫ್ಟ್‌ನ ರಕ್ಷಣೆ ನಿಂತಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಾಗದಪತ್ರ, ಹಣಕಾಸಿನ ವಿವರಗಳಿರುವ ಯಂತ್ರವನ್ನು ಅಂಥ ವ್ಯವಸ್ಥೆಯಲ್ಲಿ ಅಂತರ್ಜಾಲಕ್ಕೆ ಜೋಡಿಸುವುದು ಬಾಗಿಲು ತೆರೆದಿಟ್ಟು ಮಲಗಿದಂತೆ. ಅಕ್ಷರದ ವಿಷಯವೂ ಹಾಗೆಯೇ. ಹಳೆಯ ಫಾಂಟುಗಳಲ್ಲಿ ಉಳಿಸಿದ ಕಡತ ಆ ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ; ಯುನಿಕೋಡ್‌ನಲ್ಲಿ ಉಳಿಸಿದ್ದು ಎಲ್ಲೆಡೆ ಓದಲು ಬರುತ್ತದೆ. ಬೆರಳಿಗೆ ಒಗ್ಗಿದ ಕೀಲಿಗಳನ್ನೇ ಒತ್ತುತ್ತ ಯುನಿಕೋಡ್‌ನಲ್ಲಿ ಬರೆಯಲು ಈಗ ಅಡ್ಡಿಯಿಲ್ಲ.

ಅಂದರೆ ಮುಖ ಹಳೆಯದಿರಲಿ, ಒಳಗಿನ ಯಂತ್ರ ಹೊಸದಿರಲಿ. ಮೂವತ್ತು ವರ್ಷ ದುಡಿದ ಕೈ ಗಳಿಸಿದ ಅಭ್ಯಾಸವೂ ಒಂದು ವಿದ್ಯೆ. ಅದಕ್ಕೆ ಒಂದಿಷ್ಟು ಜಾಗ ಬಿಟ್ಟುಕೊಡುವ ಬದಲಾವಣೆಗಷ್ಟೇ ಜನ ಸಲೀಸಾಗಿ ಒಗ್ಗುತ್ತಾರೆ.